ದೂರು ಕೊಟ್ಟವರ ಗುಟ್ಟು ಠಾಣೆಯ ಕಂಪ್ಯೂಟರ್‌ನಲ್ಲಿ ಎಷ್ಟು ಭದ್ರ?

ಸೊಲ್ಲಾಪುರ: ಮೊದಲೆಲ್ಲ ಪೊಲೀಸ್ ಠಾಣೆಗೆ ಹೋದರೆ ಠಾಣೆ ಅಂಮಲದಾರರ ಮುಂದೆ ದಪ್ಪನೆಯ ಡೈರಿ ಇರುತ್ತಿತ್ತು. ಫಿರ್ಯಾದಿ ಹೇಳಿದ್ದನ್ನು ಹವಾಲ್ದಾರರು ಕಾರ್ಬನ್ ಹಾಳೆ ಇಟ್ಟು ಬರೆದುಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಡೈರಿ ಕಪಾಟು ಸೇರುತ್ತಿತ್ತು. ಅದನ್ನು ಓದಬೇಕೆಂದರೆ ಠಾಣೆಗೇ ಬರಬೇಕು, ಕಪಾಟಿನ ಬೀಗ ತೆಗೆಸಬೇಕು. ಈಗ ಡೈರಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್, ಏನಾಯಿತು, ಯಾರ ಮೇಲೆ ಸಂಶಯ ಎಲ್ಲವನ್ನೂ ಒಮ್ಮೆ ಟೈಪ್ ಮಾಡಿದರೆ ಸಾಕು, ಠಾಣೆಯ ಗೋಡೆ ದಾಟಿ ರಾಜ್ಯದ, ದೇಶದ ಭಂಡಾರಕ್ಕೆ ಸೇರಿಬಿಡುತ್ತದೆ.

‘ಕೆಲಸ ಲಗೂನ ಆಗತೈತಿ, ಛಲೋ ಆತು’ ಅನ್ನುವವರೇ ಹೆಚ್ಚು. ಅದು ಸುಳ್ಳೂ ಅಲ್ಲ. ಕಳವಾದ ಮೋಟರ್‌ಸೈಕಲ್ ಬೇರೆ ಜಿಲ್ಲೆಯಲ್ಲಿ ಸಿಕ್ಕಾಗ, ಕಾಣೆಯಾದ ಮಗು ಬೇರೆ ರಾಜ್ಯದಲ್ಲಿ ಪತ್ತೆಯಾದಾಗ ಈ ಜಾಲ ಉಪಕಾರಕ್ಕೆ ಬಂದೇ ಬರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ. ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಆಗ ಊರಿಗೇ ಗೊತ್ತಿತ್ತು. ಈ ಕಂಪ್ಯೂಟರ್‌ನ ಬೀಗದ ಕೈ ಯಾರ್ಯಾರ ಹತ್ತಿರ ಇದೆ?

ಚೆನ್ನೈನಲ್ಲಿ ಆದದ್ದು

ಈ ಪ್ರಶ್ನೆ ಎಷ್ಟು ಗಂಭೀರ ಎಂಬುದನ್ನು ತಿಳಿಯಲು 2024ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ನಡೆದದ್ದನ್ನು ನೋಡಬೇಕು. ಆ ತಿಂಗಳ 23ರಂದು ಅಣ್ಣಾ ವಿಶ್ವವಿದ್ಯಾಲಯದ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಆಕೆ ಧೈರ್ಯ ಮಾಡಿ ಮಹಿಳಾ ಠಾಣೆಗೆ ದೂರು ಕೊಟ್ಟಳು. ಕೆಲವೇ ದಿನಗಳಲ್ಲಿ ಆಕೆಯ ಗುರುತು ಹೇಳುವ ಎಫ್‌ಐಆರ್ ಹೊರಗೆ ಬಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು.

ಇಂಥ ಪ್ರಕರಣದ ಎಫ್‌ಐಆರ್ ತಂತ್ರಾಂಶದಲ್ಲಿ ತಾನಾಗಿಯೇ ಲಾಕ್ ಆಗಬೇಕು. ಆಗಲಿಲ್ಲ. ಕಾರಣ ಏನೆಂದರೆ, 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅತ್ಯಾಚಾರಕ್ಕೆ ಮೊದಲು ಇದ್ದ 376ನೇ ಕಲಂ ಈಗ 64 ಆಗಿದೆ. ಹಳೆಯ ಕಲಮುಗಳಿಂದ ಹೊಸ ಕಲಮುಗಳಿಗೆ ತಂತ್ರಾಂಶವನ್ನು ಬದಲಿಸುವಾಗ ತಾಂತ್ರಿಕ ದೋಷ ಉಂಟಾಯಿತು ಎಂಬ ವಿವರಣೆ ಸರಕಾರದ ಕಡೆಯಿಂದ ಬಂತು. ಯಾವ ಕಳ್ಳನೂ ಬೀಗ ಮುರಿಯಲಿಲ್ಲ. ಬೀಗವೇ ಬೀಳಲಿಲ್ಲ.

ಮದ್ರಾಸ್ ಹೈಕೋರ್ಟ್ ಡಿಸೆಂಬರ್ 28ರಂದು ಮೂವರು ಮಹಿಳಾ ಐಪಿಎಸ್ ಅಧಿಕಾರಿಗಳ ವಿಶೇಷ ತನಿಖಾ ತಂಡ ರಚಿಸಿತು. ಸಂತ್ರಸ್ತೆಗೆ 25 ಲಕ್ಷ ರೂ. ಮಧ್ಯಂತರ ಪರಿಹಾರ ಕೊಡಬೇಕೆಂದೂ ಆದೇಶಿಸಿತು. ಆರೋಪಿಗೆ 2025ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕನಿಷ್ಠ 30 ವರ್ಷ ಬಿಡುಗಡೆ ಇಲ್ಲ. ಅಪರಾಧದ ಮಟ್ಟಿಗೆ ನ್ಯಾಯ ಸಿಕ್ಕಿತು ಅನ್ನಬಹುದು. ಆದರೆ ಹೊರಗೆ ಹೋದ ಹೆಸರು ಯಾವ ಆದೇಶದಿಂದಲೂ ವಾಪಸ್ ಬರುವುದಿಲ್ಲ.

ತಲೆಗೆ ಆರು ಪೈಸೆ

ಇದು ಒಂದೇ ಘಟನೆ ಅಲ್ಲ. ತೆಲಂಗಾಣ ಪೊಲೀಸರು ಸಾರ್ವಜನಿಕರಿಗಾಗಿ ‘ಹಾಕ್ ಐ’ ಎಂಬ ಮೊಬೈಲ್ ಆ್ಯಪ್ ತಂದಿದ್ದರು. ರಾತ್ರಿ ಒಬ್ಬಳೇ ಪ್ರಯಾಣ ಮಾಡುವ ಹೆಣ್ಣುಮಗಳು ವಾಹನದ ವಿವರ ಹಾಕಬಹುದು, ಆಪತ್ತಿನಲ್ಲಿ ಇರುವವರು ಗುಂಡಿ ಒತ್ತಿ ಪೊಲೀಸರನ್ನು ಕರೆಯಬಹುದು. ಜಹೀರಾಬಾದ್, ನಾರಾಯಣಪೇಟೆ ಕಡೆಯ ಕನ್ನಡಿಗರೂ ತೆಲಂಗಾಣ ಪೊಲೀಸರ ವ್ಯಾಪ್ತಿಗೇ ಬರುತ್ತಾರೆ. 2024ರ ಮೇ-ಜೂನ್‌ನಲ್ಲಿ ಈ ಆ್ಯಪಿನ ಸುಮಾರು 2 ಲಕ್ಷ ಬಳಕೆದಾರರ ಮಾಹಿತಿ ಸೋರಿದ ಸುದ್ದಿ ಬಂತು. ಕದ್ದವನು ಅದನ್ನು ಇಂಟರ್‌ನೆಟ್‌ನ ಕಳ್ಳಸಂತೆಯಲ್ಲಿ 150 ಡಾಲರ್‌ಗೆ ಮಾರಾಟಕ್ಕೆ ಇಟ್ಟಿದ್ದ. ಜೂನ್‌ನಲ್ಲಿ ಪೊಲೀಸರು ಬಂಧಿಸಿದ್ದು ಗ್ರೇಟರ್ ನೊಯ್ಡಾದಲ್ಲಿದ್ದ 20 ವರ್ಷದ ಒಬ್ಬ ವಿದ್ಯಾರ್ಥಿಯನ್ನು.

150 ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ಹನ್ನೆರಡೂವರೆ ಸಾವಿರ ರೂಪಾಯಿ. ಎರಡು ಲಕ್ಷ ಜನರಿಗೆ ಹಂಚಿದರೆ ತಲೆಗೆ ಆರು ಪೈಸೆ ಬೀಳುತ್ತದೆ. ಭಯದಲ್ಲಿ ಪೊಲೀಸರನ್ನು ಕರೆದವರ ಹೆಸರು, ನಂಬರಿಗೆ ಸಂತೆಯಲ್ಲಿ ಕಟ್ಟಿದ ಬೆಲೆ ಇಷ್ಟು.

ಅದೇ ಮೇ ತಿಂಗಳಲ್ಲಿ ತಮಿಳುನಾಡು ಪೊಲೀಸರ ಮುಖ ಗುರುತಿಸುವ ತಂತ್ರಾಂಶಕ್ಕೂ ಹೊರಗಿನವರು ನುಗ್ಗಿದ್ದರು. ಅಡ್ಮಿನ್ ಖಾತೆಯೊಂದರ ಪಾಸ್‌ವರ್ಡ್ ಪರರ ಪಾಲಾಗಿತ್ತು ಎಂದು ಪೊಲೀಸರೇ ತಿಳಿಸಿದರು. ಒಂದು ಪಾಸ್‌ವರ್ಡ್, ಅಷ್ಟೇ.

ಈ ಮೂರೂ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಒಂದು ಕಡೆ ಬೀಗ ಬೀಳಲಿಲ್ಲ. ಇನ್ನೊಂದು ಕಡೆ ಬಾಗಿಲೇ ಗಟ್ಟಿ ಇರಲಿಲ್ಲ. ಮತ್ತೊಂದು ಕಡೆ ಬೀಗದ ಕೈ ಕಳೆದುಹೋಯಿತು. ಸೋರಿದ ಮಾಹಿತಿಯಲ್ಲಿ ಅಪರಾಧಿಗಳಿಗಿಂತ ಮೊದಲು ನೆನಪಾಗುವುದು ಸಹಾಯ ಕೇಳಿ ಬಂದವರು.

ಗಡಿ ದಾಟುವ ಎಫ್‌ಐಆರ್

ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಎಂಬ ಅಪರಾಧ ಪತ್ತೆ ಜಾಲಕ್ಕೆ ಕೇಂದ್ರ ಸರಕಾರ 2009ರಲ್ಲಿ 2,000 ಕೋಟಿ ರೂ. ಮಂಜೂರು ಮಾಡಿತು. 2008ರ ಮುಂಬೈ ದಾಳಿಯ ನಂತರ ಇದಕ್ಕೆ ವೇಗ ಬಂತು. ಮಹಾರಾಷ್ಟ್ರದ ಠಾಣೆಗಳು 2015ರಲ್ಲಿ ಇದರ ಮೇಲೆ ಬಂದವು. ಕರ್ನಾಟಕದಲ್ಲಿ ‘ಪೊಲೀಸ್ ಐಟಿ’ ಎಂಬ ರಾಜ್ಯದ್ದೇ ತಂತ್ರಾಂಶ ಇದೆ, ಅದೂ ರಾಷ್ಟ್ರೀಯ ಜಾಲಕ್ಕೆ ಕೂಡಿಕೊಂಡಿದೆ.

ಗಡಿಭಾಗದ ಜನರಿಗೆ ಇದು ಬೇರೆಯವರಿಗಿಂತ ಹೆಚ್ಚು ಸಂಬಂಧಿಸಿದ್ದು. ಅಕ್ಕಲಕೋಟದ ರೈತನೊಬ್ಬ ಅಫಜಲಪುರದ ಸಂತೆಗೆ ಹೋಗಿ ಬರುವಾಗ ಮೋಟರ್‌ಸೈಕಲ್ ಕಳೆದುಕೊಂಡ ಎಂದಿಟ್ಟುಕೊಳ್ಳಿ. ಮೊದಲಾಗಿದ್ದರೆ ‘ಅದು ನಮ್ಮ ಹದ್ದು ಅಲ್ಲ, ಅಲ್ಲಿಗೇ ಹೋಗಿ’ ಎಂಬ ಮಾತು ಕೇಳಿ ಸಾಕಾಗುತ್ತಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇದಕ್ಕೇ ಝೀರೋ ಎಫ್‌ಐಆರ್ ಅನ್ನುತ್ತಾರೆ. ಅದು ಮುಂದೆ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು, ಮೂರು ದಿನದೊಳಗೆ ಸಹಿ ಮಾಡಿದರೆ ಆಯಿತು.

ಜತ್ತ ತಾಲೂಕಿನ ಉಮದಿಯಿಂದ ಚಡಚಣಕ್ಕೆ, ಅಕ್ಕಲಕೋಟದಿಂದ ಆಳಂದಕ್ಕೆ ದಿನವೂ ಓಡಾಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಇದರ ಇನ್ನೊಂದು ಮುಖವೂ ಇದೆ. ಮೊದಲು ಒಂದು ಠಾಣೆಯ ಕಪಾಟಿನಲ್ಲಿ ಇರುತ್ತಿದ್ದ ಮಾಹಿತಿ ಈಗ ಎರಡು ರಾಜ್ಯಗಳ ಪೊಲೀಸರ ಕಣ್ಣ ಮುಂದೆ ಇರುತ್ತದೆ. ಸೋರಿದರೆ ಎಲ್ಲಿ ಸೋರಿತು ಎಂದು ಹಿಡಿಯುವುದು ಕಷ್ಟ. ಇವರು ಅವರತ್ತ, ಅವರು ಇವರತ್ತ ಕೈ ತೋರಿಸಿದರೆ ಫಿರ್ಯಾದಿ ನಡುವೆ ನಿಲ್ಲುತ್ತಾನೆ. ನೀರಿನ ವಿಷಯದಲ್ಲಿ, ಬಸ್ಸಿನ ವಿಷಯದಲ್ಲಿ ಗಡಿಯ ಜನ ಇದನ್ನು ಕಂಡವರೇ.

ಬಿರಾಜದಾರರೂ ಬಿರಾದಾರರೂ

ಇನ್ನೊಂದು ತೊಡಕು ಹೆಸರಿನದು. ಒಂದೇ ಮನೆತನ ಸೊಲ್ಲಾಪುರ ಜಿಲ್ಲೆಯಲ್ಲಿ ಬಿರಾಜದಾರ, ವಿಜಯಪುರ ಜಿಲ್ಲೆಯಲ್ಲಿ ಬಿರಾದಾರ. ಅಲ್ಲಿ ಕುಂಬಾರ, ಇಲ್ಲಿ ಕುಂಭಾರ. ಮಹಾರಾಷ್ಟ್ರದಲ್ಲಿ ಮಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆಯಲ್ಲಿ ಬರೆಯುವ ಪದ್ಧತಿ. ಕರ್ನಾಟಕದಲ್ಲಿ ಹಲವರಿಗೆ ಇನಿಷಿಯಲ್ ಮಾತ್ರ. ಕನ್ನಡದಲ್ಲಿ ಹೇಳಿದ ಹೆಸರು ಮರಾಠಿಯಲ್ಲಿ ಟೈಪ್ ಆಗಿ, ಇಂಗ್ಲಿಷ್‌ಗೆ ತಿರುಗಿ, ಮತ್ತೆ ಕನ್ನಡದ ಠಾಣೆಗೆ ಬರುವಷ್ಟರಲ್ಲಿ ಏನೇನಾಗಿರುತ್ತದೋ ದೇವರೇ ಬಲ್ಲ.

ಹವಾಲ್ದಾರರು ಮನುಷ್ಯರು. ‘ಇವ ಆ ಬಿರಾಜದಾರ ಅಲ್ರೀ, ಮೇಲಿನ ಓಣಿಯವ’ ಅಂದರೆ ಅವರಿಗೆ ತಿಳಿಯುತ್ತದೆ. ಯಂತ್ರ ಹಾಗಲ್ಲ. ಪಾಸ್‌ಪೋರ್ಟ್‌ಗೋ ನೌಕರಿಯ ಚಾರಿತ್ರ್ಯ ಪ್ರಮಾಣಪತ್ರಕ್ಕೋ ಹೆಸರು ಹಾಕಿ ಹುಡುಕಿದಾಗ ಅದೇ ಹೆಸರಿನ ಇನ್ನೊಬ್ಬನ ಮೇಲಿನ ಗುನ್ಹೆ ಪರದೆ ಮೇಲೆ ಬಂದರೆ, ‘ಅದು ನಾನಲ್ಲ’ ಎಂದು ಸಿದ್ಧ ಮಾಡುವ ಭಾರ ಬೀಳುವುದು ಬಡವನ ಮೇಲೆ. ಕೇಸಿನಲ್ಲಿ ನಿರ್ದೋಷಿ ಎಂದು ತೀರ್ಪು ಬಂದರೂ ಅದು ತಂತ್ರಾಂಶದಲ್ಲಿ ಏರದಿದ್ದರೆ ಕಥೆ ಅದೇ. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ, ಖರ್ಚು ಬರೆದ ಕೀರ್ದಿಯಲ್ಲಿ ಜಮಾ ಬರೆಯಲಿಲ್ಲ ಅಂದರೆ ಸಾಲ ತೀರಿಸಿದವನೂ ಸಾಲಗಾರನಾಗಿಯೇ ಉಳಿಯುತ್ತಾನೆ.

2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಬಂದ ಮೇಲೆ ಬೆರಳಚ್ಚಿನ ಜೊತೆಗೆ ಅಂಗೈ ಅಚ್ಚು, ಕಣ್ಣಿನ ಪಾಪೆಯ ಸ್ಕ್ಯಾನ್, ಭಾವಚಿತ್ರ ಇತ್ಯಾದಿ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಇವನ್ನು 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗದ ವ್ಯಕ್ತಿ ನಿರ್ದೋಷಿಯಾಗಿ ಬಿಡುಗಡೆಯಾದರೆ ದಾಖಲೆ ನಾಶ ಮಾಡಬೇಕು ಎಂದೂ ಕಾಯ್ದೆ ಹೇಳುತ್ತದೆ, ನ್ಯಾಯಾಲಯ ಬೇರೆ ಆದೇಶ ಕೊಟ್ಟರೆ ಮಾತ್ರ ಬಿಟ್ಟು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಬೆರಳು, ಕಣ್ಣು ಬದಲಾಯಿಸಲು ಬರುವುದಿಲ್ಲ.

ಸೆಟಲ್‌ಮೆಂಟಿನ ನೆನಪು

ಪೊಲೀಸ್ ದಾಖಲೆ ಮನುಷ್ಯನ ಬೆನ್ನು ಎಷ್ಟು ತಲೆಮಾರು ಹತ್ತಬಲ್ಲದು ಎಂಬುದಕ್ಕೆ ಸೊಲ್ಲಾಪುರದವರು ಬೇರೆ ಊರಿನ ಉದಾಹರಣೆ ಹುಡುಕಬೇಕಿಲ್ಲ. ನಗರದ ಸೆಟಲ್‌ಮೆಂಟ್ ಬಡಾವಣೆಯ ಹೆಸರೇ ಅದನ್ನು ಹೇಳುತ್ತದೆ. ಬ್ರಿಟಿಷರು 1871ರ ಕಾಯ್ದೆಯಿಂದ ಕೆಲವು ಸಮಾಜಗಳಿಗೆ ಹುಟ್ಟಿನಿಂದಲೇ ಅಪರಾಧಿ ಎಂಬ ಹಣೆಪಟ್ಟಿ ಹಚ್ಚಿದರು. ಕೈಕಾಡಿ, ಪಾರಧಿ ಮುಂತಾದ ಸಮಾಜದವರನ್ನು ತಂತಿ ಬೇಲಿಯೊಳಗೆ ಇಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ತಂತಿ ಹೋಯಿತು. ಆದರೆ ಎಲ್ಲಿಯಾದರೂ ಕಳವಾದರೆ ಮೊದಲು ಅವರ ಓಣಿಗೆ ಜೀಪು ಬರುತ್ತದೆ ಎಂಬ ನೋವಿನ ಮಾತು ಹೋಗಲಿಲ್ಲ.

ಸುಪ್ರೀಂ ಕೋರ್ಟ್ ಕೂಡ 2024ರ ಮೇ ತಿಂಗಳಲ್ಲಿ ಈ ಬಗ್ಗೆ ಎಚ್ಚರಿಸಿದೆ. ಹಿಂದುಳಿದ, ಬಡ ಸಮಾಜದವರು ಎಂಬ ಒಂದೇ ಕಾರಣಕ್ಕೆ ನಿರಪರಾಧಿಗಳ ಹೆಸರನ್ನು ರೌಡಿ ಪಟ್ಟಿಯಂಥ ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಸೇರಿಸಬಾರದು ಎಂಬುದು ಅದರ ತಾತ್ಪರ್ಯ.

ಯಾಂತ್ರಿಕ ಎಂಬ ಶಬ್ದ ಈಗ ನಿಜವಾದ ಅರ್ಥದಲ್ಲೇ ಬರುತ್ತಿದೆ. ಮಹಾರಾಷ್ಟ್ರ ಸರಕಾರ ಪೊಲೀಸರಿಗಾಗಿ ಕೃತಕ ಬುದ್ಧಿಮತ್ತೆ ತಂತ್ರಜ್ಞಾನ ಬೆಳೆಸಲು 2024ರಲ್ಲಿ ‘ಮಾರ್ವೆಲ್’ ಎಂಬ ಸಂಸ್ಥೆ ಕಟ್ಟಿತು. ‘ಮಹಾಕ್ರೈಮ್ ಓಎಸ್ ಎಐ’ ಎಂಬ ತಂತ್ರಾಂಶವನ್ನು ಮೊದಲು ನಾಗಪುರದ 23 ಠಾಣೆಗಳಲ್ಲಿ ತಂದಿತು. ಅದನ್ನು ರಾಜ್ಯದ ಎಲ್ಲ 1,100 ಠಾಣೆಗಳಿಗೆ ವಿಸ್ತರಿಸುವ ಘೋಷಣೆ 2025ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಆಯಿತು. ಮೈಕ್ರೋಸಾಫ್ಟ್ ಕಂಪನಿ ಇದರಲ್ಲಿ ಪಾಲುದಾರ. ಸೈಬರ್ ವಂಚನೆ ಕೇಸುಗಳ ರಾಶಿ ಕರಗಿಸಲು ಇದು ನೆರವಾದರೆ ಒಳ್ಳೆಯದೇ. ಸೊಲ್ಲಾಪುರ, ಸಾಂಗಲಿ ಜಿಲ್ಲೆಯ ಠಾಣೆಗಳೂ ಆ ಲೆಕ್ಕದೊಳಗೇ ಬರುತ್ತವೆ. ಆದರೆ ಯಂತ್ರ ಕಲಿಯುವುದು ಹಳೆಯ ದಾಖಲೆಯಿಂದ. ಹಳೆಯ ದಾಖಲೆಯಲ್ಲಿ ಒಂದು ಓಣಿಯ ಮೇಲೆ ಸಂಶಯ ತುಂಬಿದ್ದರೆ ಯಂತ್ರವೂ ಅದೇ ಓಣಿಯನ್ನು ತೋರಿಸಬಹುದು. ಆಗ ‘ಸಾಹೇಬರು ಹೇಳಿದ್ದು’ ಅನ್ನುವ ಬದಲು ‘ಕಂಪ್ಯೂಟರ್ ಹೇಳಿದ್ದು’ ಅನ್ನುತ್ತಾರೆ. ಸಾಹೇಬರನ್ನು ಪ್ರಶ್ನಿಸಬಹುದಿತ್ತು, ಕಂಪ್ಯೂಟರನ್ನು ಯಾರು ಪ್ರಶ್ನಿಸಬೇಕು?

ಕಾಯ್ದೆ ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಕೋರ್ಟು ಮೆಟ್ಟಿಲೇರಿದ ಅವರು 2024ರಲ್ಲಿ ತೀರಿಕೊಂಡರು. ಇಂದು ದೇಶದ ಯಾವ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ ಈ ಕನ್ನಡಿಗರ ಹೆಸರು ಬರುತ್ತದೆ.

ಆ ತೀರ್ಪಿನ ಬೆನ್ನಿಗೇ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಗಡುವು, ಅಂದರೆ 2027ರ ಮೇ. ಮಾಹಿತಿ ಕಾಯದಿದ್ದರೆ 250 ಕೋಟಿ ರೂ. ವರೆಗೆ ದಂಡ ಹಾಕಬಹುದು.

ಪೊಲೀಸರಿಗೆ ಇದು ಎಷ್ಟು ಲಾಗೂ? ಅಪರಾಧ ತಡೆ ಮತ್ತು ತನಿಖೆಗೆ ಬಳಸುವ ಮಾಹಿತಿಗೆ ಕಾಯ್ದೆಯ 17ನೇ ಕಲಂ ಬಹಳಷ್ಟು ವಿನಾಯಿತಿ ಕೊಟ್ಟಿದೆ. ಮಾಹಿತಿಯನ್ನು ಭದ್ರವಾಗಿ ಇಡುವ ಜವಾಬ್ದಾರಿ ಮಾತ್ರ ಉಳಿದಿದೆ. ಆದರೆ ಸೋರಿದಾಗ ಬಾಧಿತರಿಗೆ ತಿಳಿಸಬೇಕೆಂಬ ಕಲಂ ಆ ವಿನಾಯಿತಿಯಲ್ಲಿ ಬಿದ್ದುಹೋಗುತ್ತದೆ. ಮೇಲಾಗಿ, ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಕೇಂದ್ರ ಸರಕಾರ ಯಾವುದೇ ಸರಕಾರಿ ಸಂಸ್ಥೆಯನ್ನು ಪೂರ್ತಿ ಹೊರಗಿಡಲೂಬಹುದು. ಮನೆಗೆ ಕಳ್ಳ ನುಗ್ಗಿದರೆ ಪೊಲೀಸರಿಗೆ ಹೇಳಬೇಕು. ಪೊಲೀಸರ ಭಂಡಾರಕ್ಕೇ ಕಳ್ಳ ನುಗ್ಗಿದರೆ ಮನೆಯವರಿಗೆ ಹೇಳಬೇಕೆಂಬ ಕಡ್ಡಾಯ ಈ ಕಾಯ್ದೆಯಲ್ಲಿ ಉಳಿಯುವುದಿಲ್ಲ.

ಎಫ್‌ಐಆರ್ ವಿಷಯದಲ್ಲಿ ದಾರಿ ಸ್ಪಷ್ಟ ಇದೆ. ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ಆದೇಶದಂತೆ ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು. ಆರೋಪಿಗೆ ತನ್ನ ಮೇಲಿನ ದೂರು ಏನೆಂದು ತಿಳಿಯಲಿ ಎಂಬುದು ಇದರ ಉದ್ದೇಶ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣ ಹಾಕುವಂತಿಲ್ಲ. ಸೂಕ್ಷ್ಮ ಎಂದು ತೀರ್ಮಾನಿಸುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಆಗಿರಬಾರದು. ಅಂದರೆ ಕೋರ್ಟು ಈ ತೀರ್ಮಾನವನ್ನು ಮನುಷ್ಯನ ವಿವೇಕಕ್ಕೆ ಬಿಟ್ಟಿತ್ತು. ಚೆನ್ನೈ ಪ್ರಕರಣದಲ್ಲಿ ಲಾಕ್ ತಾನಾಗಿ ಬೀಳುತ್ತದೆ ಎಂದು ನಂಬಿದ್ದೇ ಮುಳುವಾಯಿತು.

ಆಗಬೇಕಾದದ್ದು

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಮೊದಲನೆಯದು, ಒಬ್ಬರ ಪಾಸ್‌ವರ್ಡ್ ಒಬ್ಬರೇ ಬಳಸಬೇಕು. ಸಾಹೇಬರ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಚಾಳಿ ಸರಕಾರಿ ಕಚೇರಿಗಳಲ್ಲಿ ಇರಲಿ, ಬ್ಯಾಂಕುಗಳಲ್ಲೂ ಇತ್ತು. ಬ್ಯಾಂಕಿನವರು ಅದನ್ನು ಬಿಟ್ಟರು, ಏಕೆಂದರೆ ಹಣ ಹೋದರೆ ಲೆಕ್ಕ ಕೊಡಬೇಕು. ಮಾನ ಹೋದರೂ ಲೆಕ್ಕ ಕೊಡಬೇಕು ಎಂದಾದರೆ ಠಾಣೆಗಳಲ್ಲೂ ಬಿಡುತ್ತಾರೆ.

ಎರಡನೆಯದು, ಯಾವ ದಾಖಲೆಯನ್ನು ಯಾರು, ಯಾವಾಗ ತೆರೆದರು ಎಂಬ ದಾಖಲೆ ಇರಬೇಕು. ಇಂಥ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ದಾಳಿಯಾದರೆ ಆರು ತಾಸಿನಲ್ಲಿ ತಿಳಿಸಬೇಕು ಎಂದು ಕೇಂದ್ರದ ಸೆರ್ಟ್-ಇನ್ ಸಂಸ್ಥೆ 2022ರಲ್ಲೇ ಸರಕಾರಿ ಕಚೇರಿಗಳಿಗೂ ಸೇರಿಸಿ ಸೂಚಿಸಿದೆ. ಲಾಗ್ ಇದ್ದರೆ ಸಾಲದು, ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪಾಸಣೆ ಮಾಡಬೇಕು. ಹಳ್ಳಿಯ ಸಹಕಾರಿ ಸೊಸೈಟಿಗೇ ವರ್ಷಕ್ಕೊಮ್ಮೆ ಆಡಿಟ್ ಇರುವಾಗ ಲಕ್ಷಾಂತರ ಜನರ ಗುಟ್ಟು ಇಟ್ಟುಕೊಂಡ ಭಂಡಾರಕ್ಕೆ ಬೇಡವೇ?

ಮೂರನೆಯದು, ಬಿಡುಗಡೆಯಾದವರ ಹೆಸರು ತೆಗೆಯುವ ಕೆಲಸ ಅವರು ಅರ್ಜಿ ಹಿಡಿದು ಅಲೆಯುವ ಮೊದಲೇ ಆಗಬೇಕು. ನಾಲ್ಕನೆಯದು ಗಡಿಯದ್ದೇ. ಝೀರೋ ಎಫ್‌ಐಆರ್ ಗಡಿ ದಾಟಿದಾಗ ಎರಡೂ ಕಡೆ ಯಾರು ಜವಾಬ್ದಾರರು ಎಂಬುದನ್ನು ಫಿರ್ಯಾದಿಗೆ ಕೊಡುವ ಪ್ರತಿಯ ಮೇಲೇ ಬರೆದು ಕೊಡಬೇಕು. ಹೆಸರನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದರೆ ಬಿರಾಜದಾರರ ತಲೆನೋವು ಅರ್ಧ ಇಳಿಯುತ್ತದೆ.

ಜನರೂ ತಮ್ಮ ಎಚ್ಚರದಲ್ಲಿ ಇರಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯುವುದು ಫಿರ್ಯಾದಿಯ ಹಕ್ಕು. ಅದನ್ನು ಪಡೆದು ಹೆಸರು, ತಂದೆಯ ಹೆಸರು, ಊರು ಸರಿ ಇದೆಯೇ ಎಂದು ಅಲ್ಲೇ ಓದಿಸಿಕೊಳ್ಳಬೇಕು. ಅಕ್ಕಲಕೋಟ, ಪಂಢರಪುರದ ಲಾಡ್ಜಿನಲ್ಲಿ, ಬಾಡಿಗೆ ಮನೆಗೆ ಆಧಾರ್ ಝೆರಾಕ್ಸ್ ಕೊಡುವಾಗ ಅದರ ಮೇಲೆ ತಾರೀಖು, ಯಾವ ಕೆಲಸಕ್ಕೆ ಎಂದು ಅಡ್ಡ ಬರೆದು ಕೊಡುವುದು ಒಳ್ಳೆಯದು. ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಎಂಬುದೂ ಇದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಮುಖ್ಯವಾಗಿ, ಹೆಣ್ಣುಮಗಳೊಬ್ಬಳ ಎಫ್‌ಐಆರ್ ವಾಟ್ಸ್‌ಆ್ಯಪ್‌ಗೆ ಬಂದರೆ ಮುಂದೆ ಕಳಿಸಬಾರದು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ.

ಠಾಣೆಯ ಮೆಟ್ಟಿಲು ಹತ್ತುವುದು ಹಳ್ಳಿಯ ಹೆಣ್ಣುಮಗಳಿಗೆ ಇಂದಿಗೂ ಸುಲಭವಲ್ಲ. ಮನೆಯವರ ಮಾತು, ಓಣಿಯವರ ಮಾತು ದಾಟಿ ಬರಬೇಕು. ಬಂದವಳ ಹೆಸರು ನಾಳೆ ಸಂತೆಯಲ್ಲಿ ಸಿಗುತ್ತದೆ ಎಂಬ ಅಂಜಿಕೆ ಒಮ್ಮೆ ಹುಟ್ಟಿದರೆ ಮುಂದಿನವಳು ಬರುವುದೇ ಇಲ್ಲ. ಆಗ ಎಂಥ ತಂತ್ರಾಂಶ ತಂದರೂ ಅದರಲ್ಲಿ ಬರೆಯಲು ಏನೂ ಇರುವುದಿಲ್ಲ. ಅಪರಾಧ ಕಡಿಮೆಯಾಯಿತು ಎಂದು ಅಂಕಿ-ಅಂಶ ಮಾತ್ರ ಹೇಳುತ್ತದೆ.